ಮಾಂಟೆ ಕಾರ್ಲೋ ಗಿಡ ಕಿತ್ತು ತೇಲ್ತಿದೆ, ಆಲ್ಗೀ ಈಟರ್ (ಪಾಚಿ ತಿನ್ನೋ ಮೀನು) ಪಾಚಿ ಮುಟ್ತಿಲ್ಲ: ಯಾವ ಮೀನು ಹಾಕ್ಲಿ?

ಹಸಿರುತೊಟ್ಟಿ: ಎರಡಡಿ ಮೀನಿನ ಟ್ಯಾಂಕು, ಬೆಂಗಳೂರು. ತಳದ ತುಂಬ ಹಸಿರು ಕಾರ್ಪೆಟ್ ಮಾಡೋಣ ಅಂತ ಮಾಂಟೆ ಕಾರ್ಲೋ ನೆಟ್ರೆ ಬೆಳಗಾಗೋದ್ರಲ್ಲಿ ಅರ್ಧ ಮೇಲೆ ತೇಲ್ತಿರುತ್ತೆ. ಉಳಿದಿದ್ದರ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಅಂಗಡಿಯವರ ಮಾತು ಕೇಳಿ ಎರಡು ಆಲ್ಗೀ ಈಟರ್ ಬಿಟ್ಟೆ, ಅವಕ್ಕೆ ನಾನು ಹಾಕೋ ಫುಡ್ಡೇ ಬೇಕು. ಗಿಡಕ್ಕೆ ಬಿಡೋ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್‌ಗೆ ದುಡ್ಡು ಸುರಿದು ಸಾಕಾಗಿದೆ. ಯಾವ ಮೀನು ಅಂತ ಹೇಳಿ, ಅಷ್ಟು ಸಾಕು.

ನೀರಗಂಟಿ: ಬೋರ್‌ವೆಲ್ ನೀರಾ? ಹಾಗಿದ್ರೆ ಮೀನಿನ ಮಾತೇ ಬೇಡ. ಅರ್ಧ ಆರ್‌ಓ ಫಿಲ್ಟರ್ ನೀರು ಬೆರೆಸಿ.

ಹಸಿರುತೊಟ್ಟಿ: ಕಾವೇರಿ ನೀರು ಸರ್.

ನೀರಗಂಟಿ: ಕಾವೇರಿ ಅಂದ್ರೂ ಸಂಪಲ್ಲಿ ಟ್ಯಾಂಕರ್ ನೀರು ಸೇರಿರುತ್ತೆ. ಟಿಡಿಎಸ್ (ನೀರಲ್ಲಿ ಕರಗಿರೋದರ ಒಟ್ಟು ಪ್ರಮಾಣ) ಎಷ್ಟು ನೋಡಿ ಹೇಳಿ.

ಕರಾವಳಿ_ಮೀನು: ಟಿಡಿಎಸ್ ನೋಡಿ ಗಡಸುತನ ಗೊತ್ತಾಗುದಿಲ್ಲ ಮಾರಾಯ್ರೇ. ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ಬೇರೆ ಬೇರೆ ಅಳೀಬೇಕು. ಮಾಂಟೆ ಕಾರ್ಲೋ ಸ್ವಲ್ಪ ಗಡಸು ನೀರಲ್ಲೂ ಬರ್ತದೆ. ನಮ್ಮ ಮಂಗಳೂರಿನ ಬಾವಿ ನೀರು ಮೆದು, ಆದ್ರೂ ಇದೇ ಪಾಚಿ ಬಂದಿತ್ತು. ಸಿಓಟು ಎಷ್ಟುಂಟು ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಯಾವ ಬಣ್ಣ ಉಂಟು?

ನೀರಗಂಟಿ: ಮಂಗಳೂರಿನ ಬಾವಿ ಲೆಕ್ಕ ಬೆಂಗಳೂರಿಗೆ ಹಿಡಿಸಲ್ಲ. ಟಿಡಿಎಸ್ ಜಾಸ್ತಿ ಇದ್ರೆ ಏನೋ ಕರಗಿದೆ ಅಂತ ತಾನೇ?

ಧಾರವಾಡ_ಟ್ಯಾಂಕ್: ನೀರಿನ ಜಗಳ ಆಮ್ಯಾಲೆ ಮಾಡ್ರೀ. ಆ ಮೀನು ಯಾವುದು ಅಂತ ಯಾರೂ ಕೇಳಿಲ್ಲ. ಬಂಗಾರದ ಬಣ್ಣದ್ದಾ? ಗಾಜಿಗೆ ಬಾಯಿ ಹಚ್ಚಿ ಅಂಟಿಕೊಂಡು ಕೂಡ್ತದ?

ಹಸಿರುತೊಟ್ಟಿ: ಹೌದು ಸರ್, ಗೋಲ್ಡನ್. ಗಾಜಿಗೂ ಅಂಟುತ್ತೆ, ಏಂಜಲ್ ಮೀನಿನ ಮೈಗೂ ಅಂಟುತ್ತೆ. ಏಂಜಲ್ ಪಕ್ಕೆ ಕೆಂಪಗಾಗಿದೆ, ಅದು ಬೇರೆ ವಿಷಯ ಬಿಡಿ.

ಧಾರವಾಡ_ಟ್ಯಾಂಕ್: ಬ್ಯಾರೆ ವಿಷಯ ಅಲ್ರೀ! ಅದು ಚೈನೀಸ್ ಆಲ್ಗೀ ಈಟರ್, ಗೈರಿನೋಕೈಲಸ್ ಕುಲದ್ದು. ಸಣ್ಣದಿದ್ದಾಗ ಒಂದಿಷ್ಟು ಪಾಚಿ ತಿಂತದ. ಬೆಳದ ಮ್ಯಾಲೆ ಏಂಜಲ್, ಡಿಸ್ಕಸ್‌ನಂಥ ಚಪ್ಪಟೆ ಮೀನಿನ ಮೈಮ್ಯಾಲಿನ ಲೋಳಿ ಹೀರ್ತದ. ಇವತ್ತೇ ತೆಗೀರಿ. ಕೂದಲು ಪಾಚಿಗೆ ಬೇಕಾದ್ದು ಸಯಾಮೀಸ್ ಆಲ್ಗೀ ಈಟರ್. ಕೊಳ್ಳೂವಾಗ ಕರಿ ಪಟ್ಟಿ ಬಾಲದ ತುದಿ ಮುಟ್ಟೇತೇನು ನೋಡ್ರಿ. ಬಾಲದ ಬುಡಕ್ಕ ನಿಂತಿದ್ರ ಅದು ಬ್ಯಾರೆ ಮೀನು ಇರಬಹುದು. ಆದ್ರ ಸಯಾಮೀಸ್ ಅರ್ಧ ಅಡಿ ಬೆಳೀತದ, ಎರಡಡಿ ಟ್ಯಾಂಕಿಗೆ ನಾ ಹಾಕಂಗಿಲ್ಲ.

ಪ್ಲೆಕೋ_ಪ್ರಿಯ: ನನ್ನ ಆರಡಿ ಟ್ಯಾಂಕಲ್ಲಿ ಒಂದೇ ಪ್ಲೆಕೋ ಮೀನು ಇರೋದು, ಗಾಜು ಕನ್ನಡಿ ಥರ ಹೊಳೆಯುತ್ತೆ! ಎರಡು ಕ್ಯಾನಿಸ್ಟರ್ ಫಿಲ್ಟರ್, ಮರದ ಬೇರು ನಾನೇ ಜೋಡಿಸಿದ್ದು. ಫೋಟೋ ಹಾಕ್ತೀನಿ ಇರಿ.

ಕರಾವಳಿ_ಮೀನು: ಪ್ಲೆಕೋ ಒಂದಡಿ ಮೀರಿ ಬೆಳೀತದೆ, ಮಾಂಟೆ ಕಾರ್ಲೋ ಇಡೀ ಉತ್ತು ಹಾಕ್ತದೆ. ದೊಡ್ಡದಾಯ್ತು ಅಂತ ಜನ ಕೆರೆಗೆ ಬಿಡ್ತಾರೆ, ಅಲ್ಲಿನ ಮೀನುಗಳಿಗೆ ಕುತ್ತು. ದಯವಿಟ್ಟು ಇಂಥ ಸಲಹೆ ಕೊಡ್ಬೇಡಿ.

ಪ್ಲೆಕೋ_ಪ್ರಿಯ: ನಾನು ಕೆರೆಗೆ ಬಿಟ್ಟೆ ಅಂದ್ನಾ?

ಕರಾವಳಿ_ಮೀನು: ನಿಮಗಲ್ಲ, ಓದುವವರಿಗೆ ಹೇಳಿದ್ದು. @ಹಸಿರುತೊಟ್ಟಿ, ಸಸಿ ಹೇಗೆ ನೆಟ್ಟಿದ್ದು? ಕುಂಡದಲ್ಲಿ ಬೇರಿಗೆ ಸುತ್ತಿದ ಹತ್ತಿಯಂಥದ್ದು ಪೂರ್ತಿ ತೆಗೀಬೇಕು. ಹೆಬ್ಬೆರಳಿನ ಉಗುರಿನಷ್ಟು ಸಣ್ಣ ತುಂಡು ಮಾಡಿ, ಚಿಮುಟದಲ್ಲಿ ಹಿಡಿದು ಓರೆಯಾಗಿ ಒಳಗೆ ತುರುಕಿ, ಎಲೆ ತುದಿ ಮಾತ್ರ ಹೊರಗೆ ಕಾಣ್ಬೇಕು. ದೊಡ್ಡ ಮುದ್ದೆಯಾಗಿ ಇಟ್ರೆ ಏಂಜಲ್ ಮೂತಿ ತಾಗಿದ್ರೂ ಏಳ್ತದೆ. ಇನ್ನೊಮ್ಮೆ ಶುರು ಮಾಡುದಾದ್ರೆ ಡ್ರೈ ಸ್ಟಾರ್ಟ್ ಮಾಡಿ: ನೀರು ತುಂಬಿಸದೆ ಮಣ್ಣು ಒದ್ದೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 4-6 ವಾರ. ಬೇರು ಹಿಡಿದ ಮೇಲೆ ನೀರು.

ನೀರಗಂಟಿ: ಡ್ರೈ ಸ್ಟಾರ್ಟಲ್ಲಿ ಬೂಷ್ಟು ಹಿಡಿಯುತ್ತೆ. ಟಿಡಿಎಸ್ ಇನ್ನೂ ಹೇಳಿಲ್ಲ.

ಕರಾವಳಿ_ಮೀನು: ದಿನಾ ಹಾಳೆ ಸರಿಸಿ ಗಾಳಿ ಆಡಿಸಿದ್ರೆ ಬೂಷ್ಟು ಕಮ್ಮಿ.

ಹಸಿರುತೊಟ್ಟಿ: ಗೋಲ್ಡನ್ ಎರಡನ್ನೂ ಅಂಗಡಿಗೆ ವಾಪಸ್ ಕೊಟ್ಟೆ. ಓಟೋ ಅನ್ನೋ ಪುಟ್ಟ ಮೀನು ತಗೊಳ್ಳಿ ಅಂತಿದ್ದಾರೆ, ತರ್ಲಾ? ಮಣ್ಣು ಅಂದ್ರೆ ನಂದು ದಪ್ಪ ಬಿಳಿ ಕಲ್ಲು. ಡ್ರಾಪ್ ಚೆಕರ್ ನೀಲಿ.

ಧಾರವಾಡ_ಟ್ಯಾಂಕ್: ಓಟೋ ಕಂದು ಪಾಚಿ ಕೆರದು ತಿಂತದ, ಕೂದಲು ಪಾಚಿ ಮುಟ್ಟಂಗಿಲ್ಲ. ಅದಕ್ಕ ಗುಂಪು ಬೇಕು, ಹಳೇ ಟ್ಯಾಂಕ್ ಬೇಕು, ಹೊಟ್ಟಿ ಒಳಗ ಹೋಗಿದ್ದು ತರಬ್ಯಾಡ್ರಿ. ನಿಮಗ ದೊಡ್ಡ ಅಮಾನೋ ಸೀಗಡಿ ಛಲೋ, ಸಣ್ಣವು ಏಂಜಲ್‌ಗೆ ಊಟ ಆಗ್ತಾವ. ನೀಲಿ ಅಂದ್ರ ಸಿಓಟು ಕಮ್ಮಿ ಐತಿ, ಹಸಿರಿಗೆ ಬರಬೇಕು. ದಪ್ಪ ಕಲ್ಲಿನ್ಯಾಗ ಕಾರ್ಪೆಟ್ ಹಿಡಿಯೂದು ಕಷ್ಟ. ಲೈಟ್ ಎಷ್ಟು ತಾಸು?

ಹಸಿರುತೊಟ್ಟಿ: ಬೆಳಗ್ಗೆ ಎದ್ದಾಗ ಹಾಕಿದ್ರೆ ರಾತ್ರಿ ಮಲಗೋವಾಗ ಆಫ್. ಎಲ್ಲರೂ ಹಾಗೇ ತಾನೇ? ಲೈಟಿಗೂ ಪಾಚಿಗೂ ಏನು ಸಂಬಂಧ?

ಧಾರವಾಡ_ಟ್ಯಾಂಕ್: ಅಲ್ಲೇ ಐತಿ ನೋಡ್ರಿ, ಲೈಟ್ ಜಾಸ್ತಿ ಆಗೇ ಪಾಚಿ! ಟೈಮರ್ ಹಾಕಿ 6 ತಾಸಿಗೆ ಇಳಿಸ್ರಿ. ಸಿಓಟು ಲೈಟಿಗಿಂತ ಒಂದೆರಡು ತಾಸು ಮೊದಲೇ ಚಾಲೂ ಆಗ್ಲಿ. ಪಾಚಿ ಹಲ್ಲುಜ್ಜೂ ಬ್ರಷ್‌ಗೆ ಸುತ್ತಿ ತೆಗೀರಿ.

ಪ್ಲೆಕೋ_ಪ್ರಿಯ: ಫೋಟೋ ಹಾಕಿದ್ದೀನಿ, ಬೇರಿನ ಜೋಡಣೆ ನೋಡಿ.

ನೀರಗಂಟಿ: ಚೆನ್ನಾಗಿದೆ. ನಿಮ್ಮ ನೀರಿನ ಟಿಡಿಎಸ್ ಎಷ್ಟು?