ಒಂದೇ ಓಟೆಯಲ್ಲಿ ಮೂರ್ನಾಲ್ಕು ಸಸಿ: ಬಿಡಿಸೋದು ಹೇಗೆ, ಉಳಿಸೋದು ಯಾವುದನ್ನು?

ಪ್ರಶ್ನೆ: ಕಸಿ ಬುಡಕ್ಕೆಂದು (ಮೇಲೆ ಬೇರೆ ತಳಿ ಕಸಿ ಕಟ್ಟುವ ಬೇರಿನ ಸಸಿಗೆಂದು) ಒಲೂರು ತಳಿಯ ಮಾವಿನ ಓಟೆ ಹಾಕಿದ್ದೇವೆ. ಹೆಚ್ಚಿನವುಗಳಲ್ಲಿ ಮೂರ್ನಾಲ್ಕು ಸಸಿ ಒಟ್ಟಿಗೆ ಎದ್ದಿವೆ. ಬಿಡಿಸಿ ನೆಟ್ಟರೆ ಬಹಳಷ್ಟು ಸಾಯುತ್ತಿವೆ. ತಾಯಿಮರದ ಗುಣ ಯಾವುದಕ್ಕೆ ಬರುತ್ತದೆ? ಗೊತ್ತಿದ್ದವರು ತಿಳಿಸಿ.

— ಸಾಯುವುದಕ್ಕೆ ಮುಖ್ಯ ಕಾರಣ ಬೇಳೆ (ಬೀಜದೊಳಗೆ ಆಹಾರ ತುಂಬಿದ ದಪ್ಪ ಭಾಗ) ಕಳಚುವುದು. ಬಹುಭ್ರೂಣದ, ಅಂದರೆ ಒಂದೇ ಬೀಜದಲ್ಲಿ ಹಲವು ಭ್ರೂಣ ಇರುವ ಓಟೆಯೊಳಗೆ ಒಂದೊಂದು ಭ್ರೂಣಕ್ಕೂ ಅದರದೇ ಬೇಳೆ ಇರುತ್ತದೆ, ಆದರೆ ಗಾತ್ರ ಸಮ ಇರುವುದಿಲ್ಲ. ಒಂದಕ್ಕೆ ಹೆಬ್ಬೆರಳಿನಷ್ಟು, ಪಕ್ಕದ್ದಕ್ಕೆ ಕಡಲೆಕಾಳಿನಷ್ಟು. ಆ ತುಂಡು ಮುರಿದರೆ ಎಳೆ ಸಸಿಗೆ ಆಹಾರವೇ ಇಲ್ಲ. ಎಲೆ ತಾಮ್ರದ ಬಣ್ಣದಲ್ಲಿರುವಾಗಲೇ, ಅಂದರೆ ಮೊಳೆತ 10–15 ದಿನದೊಳಗೆ ಬಿಡಿಸಿ. ಆಗ ಪಕ್ಕದ ಬೇರುಗಳು ಹೆಣೆದುಕೊಂಡಿರುವುದಿಲ್ಲ. ಹಿಂದಿನ ಸಂಜೆ ಚೆನ್ನಾಗಿ ನೀರು ಹಾಕಿ, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ. ಕಾಂಡ ಹಿಡಿದು ಎಳೆಯಬೇಡಿ, ಬೇಳೆಗಳ ಸಂದಿಯಲ್ಲಿ ಬೆರಳು ತೂರಿಸಿ ಅಗಲಿಸಿ. ಕಡಲೆಕಾಳಿನಷ್ಟು ಬೇಳೆಯದ್ದನ್ನು ಬಿಟ್ಟುಬಿಡಿ, ಬದುಕಿದರೂ ಕಸಿಗೆ ದಪ್ಪ ಬರುವುದಿಲ್ಲ.

— ಮೊದಲು ಅದು ನಿಜಕ್ಕೂ ಬೇರೆ ಬೇರೆ ಸಸಿಯೇ ನೋಡಿ. ಸುಳಿ ಮುರಿದರೆ ಒಂದೇ ಭ್ರೂಣ ಎರಡು ಕುಡಿ ಒಡೆಯುತ್ತದೆ. ಬೇರೆ ಬೇರೆ ತಾಯಿಬೇರು ಇದ್ದರೆ ಮಾತ್ರ ಬೇರೆ ಸಸಿ. ಬಾದಾಮಿ, ರಸಪುರಿ, ಮಲ್ಲಿಕಾ ಇವೆಲ್ಲ ಏಕಭ್ರೂಣದವು. ಒಲೂರು, ಬಪ್ಪಕಾಯಿ, ಚಂದ್ರಕಾರನ್, ಕುರುಕ್ಕನ್ ಬಹುಭ್ರೂಣದವು.

ತಾಯಿಗುಣದ ಬಗ್ಗೆ: ಬಹುಪಾಲು ಸಸಿಗಳು ಹುಟ್ಟುವುದು ಭ್ರೂಣದ ಸುತ್ತಲಿನ ತಾಯಿಯ ಅಂಗಾಂಶದಿಂದ, ಹಾಗಾಗಿ ತಾಯಿಯ ಪಡಿಯಚ್ಚು. ಪರಾಗಸ್ಪರ್ಶದಿಂದ ಹುಟ್ಟಿದ್ದು ಒಂದು ಇರಬಹುದು, ಒಳಗೇ ಸತ್ತಿರಲೂಬಹುದು. "ಎಲ್ಲಕ್ಕಿಂತ ಎತ್ತರದ್ದೇ ತಾಯಿಗುಣದ್ದು" ಅನ್ನುವ ಮಾತು ನಂಬಬೇಡಿ. ಪರಾಗಸ್ಪರ್ಶದಿಂದ ಹುಟ್ಟಿದ ಈ ಮಿಶ್ರ ಸಸಿ ಕೆಲವೊಮ್ಮೆ ಎಲ್ಲಕ್ಕಿಂತ ಜೋರಾಗಿ ಏಳುತ್ತದೆ. ಖಚಿತವಾಗಿ ಹೇಳುವುದು ಡಿಎನ್‌ಎ ಪರೀಕ್ಷೆ ಮಾತ್ರ. ನರ್ಸರಿಯಲ್ಲಿ ಮಾಡಬಹುದಾದದ್ದು, ಇಡೀ ಮಡಿ ನೋಡಿ ತೀರಾ ಕುಳ್ಳ, ತೀರಾ ಉದ್ದ, ಎಲೆಯ ಆಕಾರ ಬೇರೆ ಇರುವವನ್ನು ತೆಗೆಯುವುದು.

— ಬಿತ್ತುವಾಗಿನ ತಪ್ಪೂ ಇರಬಹುದು. ಮಾವಿನ ಓಟೆ ಒಣಗಿದರೆ ಜೀವ ಹೋಯಿತು. ಹಣ್ಣು ತಿಂದ ವಾರದೊಳಗೆ ಹಾಕಿ, ತಿಂಗಳು ಇಟ್ಟದ್ದು ನಂಬಿಕೆಗಲ್ಲ. ಚಿಪ್ಪಿನ ಅಂಚನ್ನು ಸಿಕೇಚರ್‌ನಲ್ಲಿ (ಕೊಂಬೆ ಕತ್ತರಿಸುವ ಕತ್ತರಿಯಲ್ಲಿ) ಕತ್ತರಿಸಿ ಬೀಜ ಹೊರತೆಗೆದರೆ ಓಟೆಹುಳು ಕೊರೆದದ್ದೂ ಕಾಣುತ್ತದೆ, ಮೊಳಕೆಗಳೂ ಚಿಪ್ಪಿನೊಳಗೆ ಒತ್ತಿಕೊಂಡು ಸೊಟ್ಟಗಾಗುವುದಿಲ್ಲ. ಉಬ್ಬಿದ ಅಂಚು ಮೇಲಿರಲಿ. ಮರಳು ಬೆರೆಸಿದ ಎತ್ತರದ ಮಡಿಯೇ ಬೇಕು. ಕರಾವಳಿಯ ಜೂನ್ ಮಳೆಗೆ ನೀರು ನಿಂತರೆ ಬುಡ ಕೊಳೆತು ಸಾಲಿಗೆ ಸಾಲೇ ಮಲಗುತ್ತದೆ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಬೆರೆಸಿ ಬುಡಕ್ಕೆ ಹೊಯ್ಯಿರಿ, ಆದರೆ ನೀರು ಬಸಿಯದೆ ಔಷಧಿ ಹೊಯ್ದು ಪ್ರಯೋಜನವಿಲ್ಲ.

— ಬಿಡಿಸಿದ ಸಸಿಯ ಬೇಳೆ ಮಣ್ಣಿನ ಮಟ್ಟಕ್ಕೆ ಬರುವಂತೆ ಚೀಲದಲ್ಲಿ ನೆಡಿ, ಆಳಕ್ಕೆ ಹೂತರೆ ಕೊಳೆಯುತ್ತದೆ. ಎರಡು ವಾರ ನೆರಳು ಬಲೆಯಡಿ ಇಡಿ. ಗೊಬ್ಬರ ಈಗ ಬೇಡ, ಎಲೆ ಹಸಿರಾಗಿ ಎರಡನೇ ಚಿಗುರು ಬಂದ ಮೇಲೆ ಸಾಕು. ತಾಯಿಬೇರು ಕೊಕ್ಕೆಯಂತೆ ಬಾಗಿದ್ದರೆ ಸಸಿ ಎಷ್ಟೇ ಚೆಂದ ಇದ್ದರೂ ಎಸೆಯಿರಿ.

— ಕಿತ್ತಳೆ ಜಾತಿಗೂ ಇದೇ ಲೆಕ್ಕ. ಕೊಡಗಿನ ಕಿತ್ತಳೆ, ರಂಗಪುರ ನಿಂಬೆ ಬಹುಭ್ರೂಣದವು. ಚಕ್ಕೋತ, ಮಾದಲ ಅಲ್ಲ. ಆದರೆ ಕಿತ್ತಳೆ ಜಾತಿಯಲ್ಲಿ ಬೀಜ ಚಿಕ್ಕದು, ಎಳೆಯದರಲ್ಲಿ ಬಿಡಿಸಲು ಹೋಗಬೇಡಿ. ಮಡಿಯಿಂದ ಚೀಲಕ್ಕೆ ಬದಲಿಸುವಾಗ ಬೇರ್ಪಡಿಸಿ, ಒಂದೇ ಅಳತೆಯವನ್ನು ಮಾತ್ರ ಉಳಿಸಿಕೊಳ್ಳಿ.