‘ಸರಳವಾದ ಆ್ಯಪ್’ ಎಂಬ ಎರಡು ಸಾಲಿನ ಬೇಡಿಕೆಗೆ ದರ ಹೇಳುವುದು ಹೇಗೆ?

ಪ್ರಶ್ನೆ

ಕಳೆದ ವಾರ ನನಗೆ ಬಂದ ಫ್ರೀಲ್ಯಾನ್ಸ್ ಕೆಲಸವೊಂದರ ವಿವರಣೆ ಎರಡೇ ಸಾಲಿನದು: ಊಬರ್‌ನಂತಹ ಆ್ಯಪ್ ಬೇಕು, ಆದರೆ ಸರಳವಾಗಿರಲಿ, ಒಟ್ಟು ಮೊತ್ತವನ್ನು ಇಂದೇ ತಿಳಿಸಿ. ಜೊತೆಗೆ ಆ್ಯಪ್ ಕಟ್ಟಲು ಬಳಸುವ ಸಾಧನವಾದ ಫ್ಲಟರ್‌ನಲ್ಲಿ ಹತ್ತು ವರ್ಷಗಳ ಅನುಭವ ಕಡ್ಡಾಯವಂತೆ. ಫ್ಲಟರ್‌ನ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದೇ 2018ರ ಡಿಸೆಂಬರ್‌ನಲ್ಲಿ ಎಂದು ನಕ್ಕು ಸುಮ್ಮನಾಗಬಹುದು, ಆದರೆ ಆ ‘ಸರಳ’ ಎಂಬ ಮಾತಿಗೆ ನಗು ಬರುವುದಿಲ್ಲ.

ಇದರಲ್ಲಿ ಪ್ರಯಾಣಿಕರಿಗೊಂದು ಆ್ಯಪ್, ಚಾಲಕರಿಗೊಂದು ಆ್ಯಪ್, ಹಿಂದೆ ಸರ್ವರ್, ಮೇಲ್ವಿಚಾರಣೆಗೊಂದು ಪುಟ ಸೇರಿವೆ. ಒಂದೇ ಕೋರಿಕೆಯನ್ನು ಇಬ್ಬರು ಚಾಲಕರು ಒಂದೇ ಕ್ಷಣದಲ್ಲಿ ಒಪ್ಪಿಕೊಂಡರೆ ಅದು ಯಾರಿಗೆ ಸಲ್ಲಬೇಕು, ಹಣ ಕಡಿತವಾದ ಮೇಲೆ ಪ್ರಯಾಣ ರದ್ದಾದರೆ ಎಷ್ಟು ಮರಳಿಸಬೇಕು, ನಡುದಾರಿಯಲ್ಲಿ ನೆಟ್‌ವರ್ಕ್ ಕಡಿದುಹೋದರೆ ದೂರವನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಕೇಳಿದೆ. ‘ಅದೆಲ್ಲ ನಿಮಗೇ ಗೊತ್ತಿರಬೇಕಲ್ಲ’ ಎಂಬ ಉತ್ತರ ಬಂತು. ಇಂತಹ ಬೇಡಿಕೆಗೆ ನೀವು ಯಾವ ಆಧಾರದ ಮೇಲೆ ದರ ಹೇಳುತ್ತೀರಿ?

ಉತ್ತರ 1

ನಾನು ಹೇಳುವುದೇ ಇಲ್ಲ. ಯೋಜನೆ ಇನ್ನೂ ಕಲ್ಪನೆಯ ಹಂತದಲ್ಲಿರುವಾಗ ಮಾಡಿದ ಅಂದಾಜು ನಿಜವಾದ ವೆಚ್ಚದ ನಾಲ್ಕು ಪಟ್ಟೂ ಆಗಬಹುದು, ಕಾಲು ಭಾಗವೂ ಆಗಬಹುದು ಎಂದು ಸಾಫ್ಟ್‌ವೇರ್ ವೆಚ್ಚದ ಅಂದಾಜಿನ ತಜ್ಞ ಬ್ಯಾರಿ ಬೋಮ್ 1981ರಲ್ಲೇ ಬರೆದಿದ್ದರು. ನಿಗದಿತ ಮೊತ್ತದ ಒಪ್ಪಂದದಲ್ಲಿ ಅಂದಾಜು ಕಡಿಮೆಯಾದರೆ ನಷ್ಟವನ್ನು ಹೊರುವವರು ನಾವು. ಕೆಲಸದ ಆಳ ಅರಿತವನು ಹೆಚ್ಚು ಹೇಳಿ ಕೆಲಸ ಕಳೆದುಕೊಳ್ಳುತ್ತಾನೆ, ಅರಿಯದವನು ಕಡಿಮೆ ಹೇಳಿ ಗಿಟ್ಟಿಸಿಕೊಳ್ಳುತ್ತಾನೆ. ಕೆಲವು ತಿಂಗಳ ಬಳಿಕ ಅರ್ಧಕ್ಕೆ ನಿಂತ ಕೋಡ್ ಹಿಡಿದು, ‘ಸ್ವಲ್ಪ ಸರಿಪಡಿಸಿಕೊಡಿ’ ಎಂದು ಅದೇ ಗ್ರಾಹಕರು ಮರಳಿ ಬರುವುದೂ ಉಂಟು. ಅದು ಇನ್ನೊಂದು ಪುರಾಣ.

ಉತ್ತರ 2

ಮೇಲಿನ ಮಾತು ನಿಜವೇ, ಆದರೂ ಎಲ್ಲ ತಪ್ಪನ್ನೂ ಗ್ರಾಹಕರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅವರು ಪರದೆಯ ಮೇಲೆ ಕಂಡದ್ದನ್ನು ಹೇಳಬಲ್ಲರು. ಎಡವಟ್ಟಾದಾಗ ಏನಾಗಬೇಕೆಂಬುದು ಪರದೆಯ ಮೇಲೆ ಕಾಣುವುದಿಲ್ಲ. ಅದನ್ನು ಕೇಳಿ ಕೇಳಿ ಹೊರತೆಗೆಯುವುದೇ ಒಂದು ಕೆಲಸ, ಅದನ್ನು ನಾವು ಬಿಟ್ಟಿಯಾಗಿ ಮಾಡುತ್ತಾ ಬಂದಿದ್ದೇವೆ. ಆದ್ದರಿಂದ ನಾನು ಮೊದಲು ನಾಲ್ಕೈದು ದಿನಗಳ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, ಕೋಡ್ ಬದಲು ಒಂದು ದಾಖಲೆಯನ್ನಷ್ಟೇ ಬರೆದುಕೊಡುತ್ತೇನೆ: ಯಾರು ಬಳಸುತ್ತಾರೆ, ಏನು ಮಾಡುತ್ತಾರೆ, ಮೊದಲ ಆವೃತ್ತಿಯಲ್ಲಿ ಏನೇನು ಇರುವುದಿಲ್ಲ. ಜಗಳ ತಪ್ಪಿಸುವುದು ಆ ಕೊನೆಯ ಪಟ್ಟಿಯೇ. ದಾಖಲೆಯನ್ನು ಅವರು ಬೇರೆಯವರ ಬಳಿಗೆ ಒಯ್ದರೂ ನನಗೆ ನಷ್ಟವಿಲ್ಲ.

ಪ್ರಶ್ನೆ ಕೇಳಿದವರು

ಅದಕ್ಕೆ ಹಣ ಕೊಡಲು ಒಪ್ಪದಿದ್ದರೆ?

ಉತ್ತರ 2

ಅಲ್ಲಿಗೇ ಕೈಮುಗಿಯುತ್ತೇನೆ.

ಉತ್ತರ 3

ಗಂಟೆಯ ಲೆಕ್ಕಕ್ಕೆ ಒಪ್ಪಿಕೊಂಡರೆ ಈ ಗೋಳು ತಪ್ಪುತ್ತದೆ ಎಂದು ನಾನೂ ನಂಬಿದ್ದೆ. ‘ವರದಿ ಡೌನ್‌ಲೋಡ್ ಆಗಬೇಕು’ ಎಂದಿದ್ದ ಗ್ರಾಹಕರೊಬ್ಬರಿಗೆ ಸಿಎಸ್‌ವಿ ಕಡತ (ಅಲಂಕಾರವಿಲ್ಲದ, ಬರೀ ಮಾಹಿತಿಯ ಸಾಲುಗಳು) ಕೊಟ್ಟೆ. ಅವರ ಮನಸ್ಸಿನಲ್ಲಿದ್ದದ್ದು ಲಾಂಛನ ಸಹಿತ ಮುದ್ರಿಸಬಹುದಾದ ಪಿಡಿಎಫ್. ಎರಡನೆಯದಕ್ಕೆ ಹಿಡಿದ ಗಂಟೆಗಳ ಬಿಲ್ಲನ್ನು ಅವರು ಕೊನೆಗೂ ಪಾವತಿಸಲಿಲ್ಲ. ಈಗ ಪ್ರತಿಯೊಂದು ವರದಿಗೂ ಕೈಬರಹದ್ದಾದರೂ ಸರಿ, ಒಂದು ಮಾದರಿ ಹಾಳೆ ಕೇಳುತ್ತೇನೆ.

ಪ್ರಶ್ನೆ ಕೇಳಿದವರು

ದಾಖಲೆಗಷ್ಟೇ ದರ ನಮೂದಿಸಿ, ನನ್ನ ಮೂರು ಪ್ರಶ್ನೆಗಳನ್ನೂ ಸೇರಿಸಿ ಇಂದು ಮತ್ತೆ ಬರೆದಿದ್ದೇನೆ. ಹತ್ತು ವರ್ಷಗಳ ಅನುಭವದ ವಿಷಯವನ್ನು ಎತ್ತಲಿಲ್ಲ.