ಸಹಾಯ ಬೇಕು: ನಾರ್ವೆಯ ಮೂರನೇ ಡಿವಿಷನ್ ಫುಟ್‌ಬಾಲ್‌ನ ಬಡ್ತಿ ನಿಯಮ

ನಾರ್ವೆಯಲ್ಲಿರುವ ಕನ್ನಡಿಗರೇ, ಫುಟ್‌ಬಾಲ್ ಬಲ್ಲವರು ದಯವಿಟ್ಟು ಉತ್ತರಿಸಿ.

ನಾನು ಬೆಂಬಲಿಸುವ ಊರಿನ ತಂಡ ಮೂರನೇ ಡಿವಿಷನ್‌ನಲ್ಲಿ, ಅಂದರೆ ದೇಶದ ನಾಲ್ಕನೇ ಹಂತದಲ್ಲಿ ಆಡುತ್ತದೆ. ಅಲ್ಲಿ 6 ಗುಂಪುಗಳಿವೆ, ಗುಂಪಿಗೆ 14 ತಂಡಗಳು. ಪ್ರತಿ ಗುಂಪಿನಲ್ಲಿ ಮೊದಲ ಸ್ಥಾನ ಗೆದ್ದವರಿಗೆ ಮಾತ್ರ ಎರಡನೇ ಡಿವಿಷನ್‌ಗೆ ಬಡ್ತಿ. ನಾವು ಎರಡನೇ ಸ್ಥಾನದಲ್ಲಿದ್ದೇವೆ. ಮೊದಲ ಸ್ಥಾನದಲ್ಲಿರುವುದು ದೊಡ್ಡ ಕ್ಲಬ್ಬೊಂದರ ಮೀಸಲು ತಂಡ. ನಮ್ಮವರು ದಿನವಿಡೀ ದುಡಿದು, ಸಂಜೆಯ ಮಳೆಯಲ್ಲಿ ಕೃತಕ ಹುಲ್ಲಿನ ಮೇಲೆ ಅಭ್ಯಾಸ ಮಾಡುವ ಹುಡುಗರು. ಅವರ ಶ್ರಮ ಕಂಡವನಿಗೆ ಇದು ಸಣ್ಣ ವಿಷಯವಲ್ಲ.

ಆ ಕ್ಲಬ್ಬಿನ ಮುಖ್ಯ ತಂಡ ಈಗ ಮೊದಲ ಡಿವಿಷನ್‌ನ ತಳದಲ್ಲಿ ಒದ್ದಾಡುತ್ತಿದೆ. ಅದು ಎರಡನೇ ಡಿವಿಷನ್‌ಗೆ ಇಳಿದರೆ, ಮೀಸಲು ತಂಡವೂ ಅಲ್ಲಿಗೇ ಏರಬಹುದೇ? ಅಲ್ಲಿ ಎರಡು ಗುಂಪುಗಳಿರುವುದರಿಂದ ಒಂದೊಂದನ್ನು ಒಂದೊಂದು ಗುಂಪಿಗೆ ಹಾಕುತ್ತಾರೋ ಎಂಬುದೇ ನನ್ನ ಗೊಂದಲ. ಫುಟ್‌ಬಾಲ್ ಒಕ್ಕೂಟದ ನಿಯಮಾವಳಿಯನ್ನು ಮೊಬೈಲ್‌ನಲ್ಲಿ ಅನುವಾದಿಸಿ ಓದಿದೆ, ತಲೆಬುಡ ಅರ್ಥವಾಗಲಿಲ್ಲ. ಮೈದಾನದಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು.

ಮೀಸಲು ತಂಡಕ್ಕೆ ಬಡ್ತಿ ಸಿಗದಿದ್ದರೆ ಆ ಸ್ಥಾನ ಅದೇ ಗುಂಪಿನ ಎರಡನೆಯವರಿಗೆ ಬರುತ್ತದೆಯೇ, ಅಥವಾ ಆರೂ ಗುಂಪುಗಳ ಎರಡನೆಯವರಲ್ಲಿ ಉತ್ತಮರಿಗೆ ಹೋಗುತ್ತದೆಯೇ? ನಿಯಮದ ಕಲಂ ಸಂಖ್ಯೆ ಗೊತ್ತಿದ್ದರೆ ಅದನ್ನೂ ತಿಳಿಸಿ.